ಬೇರು ಬಿಟ್ಟಿದೆ

ಕಂಪ್ಯೂಟರಿಗೂ ‘ರೀ’ ಹಚ್ಚಿ ಮಾತಾಡುತ್ತಿದ್ದವರನ್ನು ನಾನು ನೋಡಿದ್ದು ಒಬ್ಬರನ್ನೇ. ಬೆಳಿಗ್ಗೆ ಪರದೆ ಬೇಗ ಬೆಳಗದಿದ್ದರೆ “ಏಳ್ರಿ, ಎಂಟಾತು, ಮಂದಿ ಬಂದು ಕೂತಾರ” ಎಂದು ಅದರ ನೆತ್ತಿ ತಟ್ಟುತ್ತಿದ್ದರು. ನಮ್ಮ ಸ್ಕ್ಯಾನಿಂಗ್ ಸೆಂಟರಿನ ನೆಲ ಒರೆಸಲು ಬರುತ್ತಿದ್ದ ಮೆಕ್ಸಿಕೋದ ಹೆಂಗಸಿಗೆ “ಥ್ಯಾಂಕ್ ಯೂ ರೀ” ಅನ್ನುತ್ತಿದ್ದರು. ಆಕೆ ಅವರ ಹೆಸರೇ ರೀ ಇರಬೇಕೆಂದುಕೊಂಡು, ಕೊನೆಯವರೆಗೂ ಅವರನ್ನು ಮಿಸ್ಟರ್ ರೀ ಎಂದೇ ಕರೆದಳು. ಅವರು ತಿದ್ದಲಿಲ್ಲ. “ಇರಲಿ ಬಿಡ್ರಿ, ಯಾರರೆ ಕರೀತಾರಲ್ಲ” ಅನ್ನುತ್ತಿದ್ದರು.

ನಾನೂ ಅವರ ಹೆಸರು ಬರೆಯುವುದಿಲ್ಲ. ನಾವು ಡಾಕ್ಟ್ರು ಅನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ಕಳೆದ ತಿಂಗಳು ಡಾಕ್ಟ್ರು ತೀರಿಕೊಂಡರು. ಆ ಸುದ್ದಿ ಡಲ್ಲಾಸಿನಲ್ಲಿ, ಕೆಲಸದ ನಡುವೆ, ಒಂದು ಸಾಲಿನ ಇಮೇಲಾಗಿ ನನಗೆ ಬಂತು. ಓದಿದವಳು ಮುಂದಿನ ಪೇಷಂಟನ್ನು ಒಳಗೆ ಕರೆದೆ. ಅಳು ಬಂದದ್ದು ಎರಡು ದಿನ ಬಿಟ್ಟು, ಪಾತ್ರೆ ತೊಳೆಯುವಾಗ. ನಾನು ಯಾವಾಗಲೂ ಹೀಗೇ, ಎಲ್ಲದಕ್ಕೂ ತಡ.

ನಾನು ಮೈಸೂರಿನವಳು. ಗಂಡನ ಜೊತೆ ಹ್ಯೂಸ್ಟನ್ನಿಗೆ ಬಂದು, ಮನೆಯಲ್ಲಿ ಕೂತು ಬೇಸರವಾಗಿ, ಎರಡು ವರ್ಷದ ಕೋರ್ಸ್ ಮಾಡಿ ಊರಂಚಿನ ಪೇರ್ಲ್ಯಾಂಡಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆ. ಜನರನ್ನು ಎಂಆರ್‌ಐ ಮೆಷೀನಿನೊಳಗೆ ಮಲಗಿಸಿ ಚಿತ್ರ ತೆಗೆಯುವುದು ನನ್ನ ಕೆಲಸ. ಆ ಚಿತ್ರ ಓದಿ ರಿಪೋರ್ಟ್ ಬರೆಯುವುದು ಡಾಕ್ಟ್ರದು. ಮೂಳೆ, ಕೀಲು ಅವರ ವಿಷಯ. ಅದರಲ್ಲೂ ಮಂಡಿ ಎಂದರೆ ಪ್ರಾಣ.

ಅವರ ಮನೆ ಇದ್ದದ್ದು ಆಸ್ಟಿನ್ ಪಕ್ಕದ ರೌಂಡ್ ರಾಕಿನಲ್ಲಿ. ಮನೆಯಲ್ಲೇ ಕೂತು ಓದಲಿ ಎಂದು ಕಂಪನಿ ಎರಡು ದೊಡ್ಡ ಪರದೆ ಕೊಟ್ಟಿತ್ತು. ಆದರೂ ಪ್ರತಿ ಬುಧವಾರ ಸಂಜೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿಗೆ ಬಂದು, ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಉಳಿದು, ಶನಿವಾರದವರೆಗೆ ನಮ್ಮ ಸೆಂಟರಿನ ಕತ್ತಲೆ ಕೋಣೆಯಲ್ಲಿ ಕೂತು ಓದುತ್ತಿದ್ದರು. ಯಾಕೆ ಸರ್ ಈ ಒದ್ದಾಟ ಎಂದು ನಾನೊಮ್ಮೆ ಕೇಳಿದೆ.

“ಮನ್ಯಾಗೂ ಕತ್ತಲಿ, ಇಲ್ಲೂ ಕತ್ತಲಿ. ಇಲ್ಲೆ ಬಾಗಲಾ ತಗದ್ರ ಒಬ್ಬರು ಇರ್ತಾರ ನೋಡ್ರಿ” ಅಂದರು.

ಹೆಂಡತಿ ಹಿಂದೆ ಡಲ್ಲಾಸಿನಲ್ಲಿದ್ದಾಗ ತೀರಿಕೊಂಡಿದ್ದರಂತೆ. ಮಕ್ಕಳಿರಲಿಲ್ಲ. ನಮ್ಮ ಕಂಪನಿಯ ಡಲ್ಲಾಸ್ ಸೆಂಟರಿನ ಚಿತ್ರಗಳನ್ನು ಓದುತ್ತಿದ್ದರೇ ಹೊರತು ಆ ಊರಿಗೆ ಕಾಲಿಡುತ್ತಿರಲಿಲ್ಲ. ಇದಿಷ್ಟೂ ನನಗೆ ಬೇರೆಯವರಿಂದ ಗೊತ್ತಾದದ್ದು. ತಮ್ಮ ವಿಷಯ ಬಂದರೆ ಅವರು ಮಾತನ್ನು ಮಂಡಿಯ ಕಡೆಗೆ ತಿರುಗಿಸುತ್ತಿದ್ದರು.

ಮಂಡಿಯನ್ನು ಅವರು ನನಗೆ ಕಲಿಸಿದ್ದು ಕೋಡುಬಳೆಯಿಂದ. ಒಂದು ಗುರುವಾರ ಊಟದ ಹೊತ್ತಿನಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಬೋರಲು ಹಾಕಿ, ಅದರ ಮೇಲೆ ಅಕ್ಕಪಕ್ಕ ಎರಡು ಕೋಡುಬಳೆ ಇಟ್ಟರು. ಒಂದರ ತುದಿಯನ್ನು ಸ್ವಲ್ಪ ಮುರಿದು ಬಾಯಿಗೆ ಹಾಕಿಕೊಂಡರು.

“ಈ ಮುಚ್ಚಳ ಕೆಳಗಿನ ಎಲುಬು. ಇವು ಎರಡು ಮೆನಿಸ್ಕಸ್, ಮೆತ್ತಿ ಇದ್ಧಾಂಗ, ಭಾರ ತಡೀಲಿಕ್ಕೆ. ಒಳಮಗ್ಗಲದ್ದು ಬಾಯಿ ತಗದ ಕೋಡಬಳಿ, ಹೊರಮಗ್ಗಲದ್ದು ಬಾಯಿ ಮುಚ್ಚಲಿಕ್ಕೆ ಬಂದದ್ದು. ಈಗ ಹೇಳ್ರಿ, ಇವು ಜಾರಿ ಹೋಗದ್ಹಾಂಗ ಯಾರು ಹಿಡದಾರ?”

ಅವರೇ ಕೋಡುಬಳೆಯ ತುದಿ ಮುಟ್ಟಿ ತೋರಿಸಿದರು.

“ತುದಿ. ಎರಡೂ ತುದಿ ಎಲುಬಿನ್ಯಾಗ ನಾಟಿರ್ತಾವ. ಅದಕ್ಕ ಬೇರು ಅಂತಾರ. ನಡುವ ಹರದ್ರ ಕುರುಡಗೂ ಕಾಣ್ತದ. ಬೇರು ಕಿತ್ರ? ಅರಿವಿ ಒಣಹಾಕೂ ಹಗ್ಗಾ ನೋಡೀರಿಲ್ಲ? ಹಗ್ಗ ಗಟ್ಟಿ ಅದ ಅಂತ ನೀವು ಸುಮ್ಮನಿರ್ತೀರಿ, ಗೂಟಾ ಕಿತ್ತಿರ್ತದ. ಅರಿವಿ ಎಲ್ಲಾ ನೆಲದಾಗ.”

ಅವತ್ತಿನಿಂದ ಚಿತ್ರ ತೆಗೆಯುವಾಗ ನಾನು ಮೊದಲು ತುದಿ ನೋಡಲು ಕಲಿತೆ. ಈ ಚಿತ್ರಗಳಲ್ಲಿ ಗಟ್ಟಿಯಾಗಿರುವ ಮೆನಿಸ್ಕಸ್ ಕಪ್ಪಗೆ ಕಾಣುತ್ತದೆ, ಹರಿದ ಕಡೆ ಬಿಳಿ ಗೆರೆ ಮೂಡುತ್ತದೆ. ಹಿಂಬದಿಯ ಬೇರು ಕಿತ್ತಾಗ ಮಾತ್ರ ಬೇರೆ ಆಟ. ಒಂದರ ಪಕ್ಕ ಒಂದು ಚಿತ್ರ ಸರಿಸುತ್ತಾ ಹೋದರೆ ಮೆನಿಸ್ಕಸ್ಸಿನ ಕಪ್ಪು ತ್ರಿಕೋನ ಕಾಣುತ್ತಾ ಕಾಣುತ್ತಾ ಬಂದು, ಒಂದು ಚಿತ್ರದಲ್ಲಿ ಇದ್ದಕ್ಕಿದ್ದಂತೆ ಇರುವುದಿಲ್ಲ. ಎದುರಿನಿಂದ ತೆಗೆದ ಚಿತ್ರದಲ್ಲಿ ಮೆತ್ತೆ ಎಲುಬಿನ ಅಂಚು ದಾಟಿ ಹೊರಗೆ ಜಾರಿರುತ್ತದೆ. “ಇದ್ದದ್ದು ನೋಡೂದು ಎಲ್ಲಾರಿಗೂ ಬರ್ತದ್ರಿ. ಇರಬೇಕಾದದ್ದು ಇಲ್ಲ ಅನ್ನೂದು ಕಾಣಲಿಕ್ಕೆ ಕಣ್ಣು ಪಳಗಬೇಕು” ಅನ್ನುತ್ತಿದ್ದರು.

ಇನ್ನೊಂದು ಮಾತನ್ನೂ ಪದೇ ಪದೇ ಹೇಳುತ್ತಿದ್ದರು. ಮಂಡಿಯ ಮುಂಭಾಗದಲ್ಲಿ ಎರಡೂ ಮೆತ್ತೆಗಳನ್ನು ಜೋಡಿಸುವ ದಾರದಂಥ ಒಂದು ಪಟ್ಟಿ ಇದೆ. ಅದು ಬಂದು ಸೇರುವ ಕಡೆ ಚಿತ್ರದಲ್ಲಿ ಸಣ್ಣ ಗೆರೆ ಕಾಣುತ್ತದೆ. ಹೊಸಬರು ಅದನ್ನು ನೋಡಿ ಹರಿದಿದೆ ಎಂದು ಬರೆದುಬಿಡುತ್ತಾರೆ. ಅಂಥ ರಿಪೋರ್ಟ್ ಕೈಗೆ ಸಿಕ್ಕಿದಾಗಲೆಲ್ಲ ಡಾಕ್ಟ್ರು “ಕೂಡೂ ಜಾಗಾಕ್ಕ ಹರದ ಜಾಗಾ ಅಂತಾರಲ್ರಿ ಇವರು” ಎಂದು ನಿಜವಾಗಿಯೂ ನೊಂದುಕೊಳ್ಳುತ್ತಿದ್ದರು. ತಮ್ಮ ಮನೆಯವರನ್ನೇ ಯಾರೋ ಬೈದ ಹಾಗೆ.

ಆ ಕೋಡುಬಳೆ ಬರುತ್ತಿದ್ದದ್ದು ಕ್ಲಿಯರ್ ಲೇಕಿನ ಒಂದು ಮನೆಯಿಂದ. ಅಲ್ಲಿ ಅವರ ಊರಿನ ಕಡೆಯವರೇ ಆದ, ರಿಟೈರಾದ ಇಂಜಿನಿಯರ್ ಅಂಕಲ್ ಮತ್ತು ಆಂಟಿ ಇದ್ದರು. ಹ್ಯೂಸ್ಟನ್ನಿನಲ್ಲಿ ಡಾಕ್ಟ್ರಿಗೆ ಹೋಗಿಬರಲು ಇದ್ದದ್ದು ಅದೊಂದೇ ಮನೆ. ಹ್ಯೂಸ್ಟನ್ನೇಕೆ, ಇಡೀ ಟೆಕ್ಸಾಸಿನಲ್ಲೇ ಅದೊಂದೇ ಮನೆ. ಶನಿವಾರ ಮಧ್ಯಾಹ್ನ ಅಲ್ಲಿ ಜೋಳದ ರೊಟ್ಟಿ ಊಟ ಮಾಡಿ, ಡಬ್ಬಿ ತುಂಬ ಕೋಡುಬಳೆ ತೆಗೆದುಕೊಂಡು ರೌಂಡ್ ರಾಕಿಗೆ ಹೊರಡುತ್ತಿದ್ದರು. ಡಬ್ಬಿಯ ಮೇಲೆ ಆಂಟಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿತ್ತು. ಊರಿನ ಪಾತ್ರೆ ಅಂಗಡಿಯಲ್ಲಿ ಕೊರೆಸುತ್ತಾರಲ್ಲ, ಹಾಗೆ.

ಇನ್ನೊಬ್ಬರ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ನಮ್ಮಲ್ಲಿ ರೂಢಿಯಲ್ಲ. ಡಾಕ್ಟ್ರಿಗೆ ಅಡುಗೆ ಬರುತ್ತಿರಲಿಲ್ಲ, ಅಂಗಡಿಯ ಸಿಹಿ ಹಾಕಿ ಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ. ಅವರ ಹಿತ್ತಲಲ್ಲಿ ಒಂದು ಪೀಕಾನ್ ಮರವಿತ್ತು. ಅಕ್ರೋಟಿನ ಜಾತಿಯ, ಉದ್ದನೆಯ ಕಾಯಿ. ಅದನ್ನೇ ಆರಿಸಿ, ಒರೆಸಿ, ಡಬ್ಬಿಗೆ ತುಂಬಿಕೊಂಡು ಬರುತ್ತಿದ್ದರು. ಕಾಯಿ ಮುಗಿದ ತಿಂಗಳುಗಳಲ್ಲಿ ಏನು ಹಾಕುವುದು ಎಂದು ನನ್ನನ್ನು ಕೇಳುತ್ತಿದ್ದರು. ಒಮ್ಮೆ ತೀರಾ ಏನೂ ಹೊಳೆಯದೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರಂತೆ. “ಸಕ್ಕರಿ ತಗೊಂಡು ಸಕ್ಕರ್‍ಯಾಂಗ ನಕ್ಕರು” ಎಂದು ಬಂದು ವರದಿ ಒಪ್ಪಿಸಿದರು.

ಈಗ ನನ್ನ ತಪ್ಪಿನ ಮಾತು.

ಒಂದು ಶುಕ್ರವಾರ ಆ ಆಂಟಿಯೇ ಮಂಡಿ ನೋವೆಂದು ಸ್ಕ್ಯಾನಿಗೆ ಬಂದರು. ಮೆಟ್ಟಿಲಿಳಿಯುವಾಗ ಹಿಂದುಗಡೆ ಟಕ್ ಅಂದಿತಂತೆ. ನಾನೇ ಮಲಗಿಸಿದೆ, ನಾನೇ ಚಿತ್ರ ತೆಗೆದೆ. ತೆಗೆಯುತ್ತಿದ್ದ ಹಾಗೆ ಕತ್ತಲೆ ಕೋಣೆಯಿಂದ ಫೋನ್ ಬಂತು. “ಹಿಂದಿನ ಬೇರು ಕಿತ್ತದ್ರಿ. ಒಳಮಗ್ಗಲದ್ದು. ರಿಪೋರ್ಟ್ ಈಗ ಬರೀತೀನಿ. ಲಗೂನ ಸರ್ಜನ್‌ಗೆ ತೋರಸಬೇಕು.” ಅವರ ದನಿ ಸಣ್ಣಗಾಗಿತ್ತು.

ಚಿತ್ರ ತೆಗೆಯುವವರು ಪೇಷಂಟಿಗೆ ಏನೂ ಹೇಳಕೂಡದು. ಅದು ನಮ್ಮ ಕೆಲಸದ ಮೊದಲ ನಿಯಮ, ಮೀರಿದರೆ ಕೆಲಸ ಹೋಗುತ್ತದೆ. ಆದರೆ ಆಂಟಿ ಮೇಜಿನಿಂದ ಇಳಿಯುತ್ತಾ ನನ್ನ ಕೈ ಹಿಡಿದು “ಏನಂದ್ರವಾ ಡಾಕ್ಟ್ರು?” ಎಂದು ಕನ್ನಡದಲ್ಲಿ ಕೇಳಿದಾಗ ನನಗೆ ನಿಯಮ ನೆನಪಾಗಲಿಲ್ಲ. ಕಿತ್ತಿದೆ ಎಂದು ಬಾಯಿಬಿಟ್ಟು ಹೇಳುವುದು ಒರಟಾದೀತು ಅನ್ನಿಸಿತು. ಮೈಸೂರಿನವರ ನಾಜೂಕು. ಮಾತನ್ನು ಮೆತ್ತಗೆ ಮಾಡಿ, “ಬೇರು ಬಿಟ್ಟಿದೆ ಅಂದ್ರು ಆಂಟಿ” ಎಂದೆ.

“ಹೌದೇನು? ಛಲೋ ಆತು ಬಿಡು” ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡರು. ಎಷ್ಟು ಧೈರ್ಯದ ಹೆಂಗಸು ಎಂದುಕೊಂಡೆ.

ಬೇರು ಹಿಡಿತ ಬಿಟ್ಟಿದೆ ಎಂದು ನಾನು ಹೇಳಿದ್ದು. ನೆಟ್ಟ ಗಿಡ ಬೇರು ಬಿಟ್ಟ ಹಾಗೆ ಮಂಡಿ ಊರಿಕೊಂಡಿದೆ ಎಂದು ಅವರು ಕೇಳಿಸಿಕೊಂಡದ್ದು. ಕನ್ನಡದಲ್ಲಿ ಎರಡಕ್ಕೂ ಅದೇ ಮಾತು. ಅದು ನನಗೆ ಹೊಳೆದದ್ದು ನಾಲ್ಕು ತಿಂಗಳಾದ ಮೇಲೆ.

ಆ ನಾಲ್ಕು ತಿಂಗಳಲ್ಲಿ ಆಂಟಿ ಸರ್ಜನ್ ಹತ್ತಿರ ಹೋಗಲಿಲ್ಲ. ಸೊಸೆಯ ತವರಿನ ಮದುವೆಗೆಂದು ಊರಿಗೆ ಹೋಗಿ, ನೆಲದ ಮೇಲೆ ಕೂತು ಎದ್ದು, ಮೂರು ಮಹಡಿ ಹತ್ತಿ ಇಳಿದು ಬಂದರು. ನೋವು ಹೆಚ್ಚಾದರೂ ಊರಿಕೊಳ್ಳುವಾಗ ನೋವು ಇದ್ದದ್ದೇ ಎಂದು ಎಣ್ಣೆ ಹಚ್ಚಿಕೊಂಡರು. ಡಾಕ್ಟ್ರಿಗೂ ತಿಳಿಯಲಿಲ್ಲ. ಕೇಳಿದಾಗಲೆಲ್ಲ “ನೀವಂದ್ಹಾಂಗ ಆಗೇದರಿ” ಎಂದು ಉತ್ತರ ಬರುತ್ತಿತ್ತು, ಅವರು ಅದನ್ನು ಚಿಕಿತ್ಸೆ ನಡೆಯುತ್ತಿದೆ ಎಂದುಕೊಂಡಿದ್ದರು. ಕೋಲು ಹಿಡಿದು ಎರಡನೇ ಸ್ಕ್ಯಾನಿಗೆ ಬಂದಾಗ ಮೆತ್ತೆ ಪೂರಾ ಹೊರಗೆ ಜಾರಿತ್ತು, ಎಲುಬಿನ ಮೇಲಿನ ನುಣುಪು ಸವೆದುಹೋಗಿತ್ತು. ಮಂಡಿ ಬದಲಾಯಿಸದೆ ದಾರಿಯಿರಲಿಲ್ಲ.

ಡಾಕ್ಟ್ರು ಕತ್ತಲೆ ಕೋಣೆಯಿಂದ ಎದ್ದು ಕಾರಿಡಾರಿಗೆ ಬಂದರು. ಅಂಕಲ್ ಅಲ್ಲಿ ನಿಂತಿದ್ದರು, ಆಂಟಿ ಬೆಂಚಿನ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿದ್ದೆ.

“ಸರ್ಜನ್ ಕಡೆ ಹೋಗೇ ಇಲ್ಲೇನ್ರಿ?” ಎಂದರು ಡಾಕ್ಟ್ರು.

“ಯಾಕ ಹೋಗೂದು? ಬೇರು ಬಿಟ್ಟದ ಅಂತ ನೀವ ಹೇಳಿ ಕಳಿಸಿದ್ರಿ. ಛಲೋ ಆತು ಅಂತ ತಿಳಕೊಂಡ್ವಿ. ರಿಪೋರ್ಟ್ ಬಂದಿತ್ತು, ನೀವು ಹೇಳಿದ ಮ್ಯಾಲೆ ಅದನ್ನೇನು ಓದೂದು ಅಂತ ಇಟ್ವಿ” ಎಂದರು ಅಂಕಲ್. ದನಿ ಏರಿರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು.

ಡಾಕ್ಟ್ರು ಒಂದು ಗಳಿಗೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಚಿತ್ರ ಸರಿಸುತ್ತಾ ಹೋಗಿ, ಇರಬೇಕಾದದ್ದು ಎಲ್ಲಿ ಇಲ್ಲವೆಂದು ಕಂಡಾಗ ನೋಡುತ್ತಿದ್ದ ನೋಟವೇ ಅದು. ಆಮೇಲೆ ಅವರ ಕಡೆ ತಿರುಗಿ, “ಹೌದ್ರಿ. ನಾನ ಹಂಗಂದಿದ್ದೆ. ಮಾತು ತಪ್ಪಾತು ನಂದು” ಎಂದರು.

ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನನ್ನ ಗಂಡನ ಕೆಲಸ ಹೋಗಿ ಎರಡು ತಿಂಗಳಾಗಿತ್ತು, ಮನೆ ನನ್ನ ಸಂಬಳದಲ್ಲಿ ನಡೆಯುತ್ತಿತ್ತು. ಇದು ಡಾಕ್ಟ್ರಿಗೂ ಗೊತ್ತಿತ್ತು. ಕಾರಣ ನಿಜವಾದದ್ದೇ, ಆದರೆ ಹೇಡಿಗಳ ಹತ್ತಿರ ನಿಜವಾದ ಕಾರಣ ಯಾವಾಗಲೂ ಇರುತ್ತದೆ. ಅವರೆಲ್ಲ ಹೋದ ಮೇಲೆ ಕತ್ತಲೆ ಕೋಣೆಗೆ ಹೋಗಿ “ಸರ್, ನಾನು...” ಎಂದು ಶುರುಮಾಡಿದೆ. “ಮುಂದಿನ ಪೇಷಂಟ್ ಕಾಯ್ಲಿಕತ್ತಾರ ಹೋಗ್ರಿ” ಎಂದರು. ಅವರೇ ತಡೆದರಲ್ಲ ಎಂದು ನಾನು ನೆಮ್ಮದಿಯಾಗಿ ಹೊರಗೆ ಬಂದೆ. ಆ ನೆಮ್ಮದಿ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಮರುದಿನ ಶನಿವಾರ. ಡಾಕ್ಟ್ರು ಕ್ಲಿಯರ್ ಲೇಕಿಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಹೋಗಲಿಲ್ಲ. ಮಧ್ಯಾಹ್ನ ನಮ್ಮ ಊಟದ ಕೋಣೆಯಲ್ಲಿ ಕಾಸು ಹಾಕುವ ಮೆಷೀನಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ನೇರ ರೌಂಡ್ ರಾಕಿಗೆ ಹೊರಡುತ್ತಿದ್ದರು. ಕೆಲವು ತಿಂಗಳಾದ ಮೇಲೆ ಬುಧವಾರ ಬರುವುದನ್ನೂ ನಿಲ್ಲಿಸಿದರು. ಮನೆಯಿಂದಲೇ ಓದತೊಡಗಿದರು. ನನಗೆ ಅವರು ಬರೀ ದನಿಯಾದರು. “ಇನ್ನೊಂದಿಷ್ಟು ಓರೆ ಮಾಡಿ ತಗೀರಿ, ಬೇರು ಕಾಣವಲ್ಲದು” ಎನ್ನುವ ದನಿ. ಕೆಲಸದ ಮಾತು ಮುಗಿದ ಮೇಲೂ ಒಂದೆರಡು ಕ್ಷಣ ಫೋನ್ ಇಡುತ್ತಿರಲಿಲ್ಲ. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರೋ, ಬರೀ ಸೆಂಟರಿನ ಸದ್ದು ಕೇಳುತ್ತಿದ್ದರೋ, ಗೊತ್ತಿಲ್ಲ. “ಸರಿ ಸರ್” ಎಂದು ಇಡುತ್ತಿದ್ದವಳು ನಾನೇ.

ಹ್ಯೂಸ್ಟನ್ ಚಂಡಮಾರುತದ ನೀರಿನಲ್ಲಿ ಮುಳುಗಿದ ವರ್ಷ ನಮ್ಮ ಸೆಂಟರ್ ಮುಚ್ಚಿತ್ತು. ಅವರು ಮೊದಲ ಬಾರಿಗೆ ನನ್ನ ಮನೆಗೆ ಫೋನ್ ಮಾಡಿದರು. ನಾವು ಕ್ಷೇಮವೇ ಎಂದು ಕೇಳಿದರು. ಆಮೇಲೆ, “ಕ್ಲಿಯರ್ ಲೇಕ್ ಕಡೆ ಹ್ಯಾಂಗ ಅದರಿ? ಅವರ ಮನಿಗೆ ನೀರು ಬಂದದೇನು, ಯಾರನ್ನರೆ ಕೇಳಿ ಹೇಳ್ತೀರೇನು?” ಎಂದರು.

“ನೀವೇ ಒಂದು ಫೋನ್ ಮಾಡಿ ಸರ್.”

“ಏನಂತ ಮಾಡ್ಲಿ?”

ನಾನು ದೇವಸ್ಥಾನದ ಪರಿಚಯದವರನ್ನು ವಿಚಾರಿಸಿ, ಆ ಬೀದಿಯವರೆಗೆ ನೀರು ಬಂದು ನಿಂತಿತ್ತು, ಮನೆಯೊಳಗೆ ನುಗ್ಗಲಿಲ್ಲ ಎಂದು ತಿಳಿದು ಹೇಳಿದೆ. “ಹಾಂ, ಸಾಕು” ಎಂದರು. ನಾನು ಅವತ್ತಾದರೂ ಆ ಮನೆಗೆ ಹೋಗಬಹುದಿತ್ತು.

ಹೋಗಲಿಲ್ಲ. ಗಂಡನಿಗೆ ಡಲ್ಲಾಸಿನಲ್ಲಿ ಕೆಲಸ ಸಿಕ್ಕಿತು, ಶಿಫ್ಟ್ ಆದೆವು. ಡಾಕ್ಟ್ರು ರಿಟೈರಾದರು. ದೀಪಾವಳಿಗೆ ಒಂದು ಫೋನ್, ಯುಗಾದಿಗೆ ಒಂದು ಫೋನ್. ಡಲ್ಲಾಸ್ ಹೇಗಿದೆ ಎಂದು ಮಾತ್ರ ಅವರು ಯಾವತ್ತೂ ಕೇಳಲಿಲ್ಲ.

ಅವರು ತೀರಿಕೊಂಡ ಮೇಲೆ ಅಮೆರಿಕದ ಇನ್ನೊಂದು ಮೂಲೆಯಿಂದ ಅವರ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿಸುತ್ತಿದ್ದ. ಕೊನೆಯದಾಗಿ ನೋಡೋಣವೆಂದು ನಾನು ರೌಂಡ್ ರಾಕಿಗೆ ಡ್ರೈವ್ ಮಾಡಿಕೊಂಡು ಹೋದೆ. ಎರಡು ದೊಡ್ಡ ಪರದೆಗಳಿದ್ದ ಕೋಣೆಯಲ್ಲಿ ಒಂದೇ ಕುರ್ಚಿ. ಊಟದ ಮೇಜಿಗೂ ಒಂದೇ ಕುರ್ಚಿ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಹೊರಡುವಾಗ ಮರೆಯಬಾರದೆಂದು ಇಟ್ಟ ಹಾಗೆ, ಆಂಟಿಯ ಹೆಸರಿದ್ದ ಆ ಸ್ಟೀಲ್ ಡಬ್ಬಿ. ಎತ್ತಿದರೆ ಭಾರ. ಮುಚ್ಚಳ ತೆಗೆದೆ, ಒಳಗೆ ತುಂಬ ಪೀಕಾನ್. ಒರೆಸಿ ಇಟ್ಟವು, ಈ ಸಲದವು. ಹಿತ್ತಲಲ್ಲಿ ಇನ್ನೂ ಕಾಯಿ ಉದುರುತ್ತಲೇ ಇತ್ತು. ಹಾಗಾದರೆ ಪ್ರತಿ ವರ್ಷ ಹಳೆಯದನ್ನು ಸುರಿದು ಹೊಸದನ್ನು ತುಂಬಿ, ಬಾಗಿಲ ಪಕ್ಕ ಇಟ್ಟುಕೊಂಡು ಕೂತಿದ್ದರು.

“ಬೇಕಿದ್ರೆ ತಗೊಳ್ಳಿ ಆಂಟಿ” ಎಂದ ಹುಡುಗ, ಇಂಗ್ಲಿಷಿನಲ್ಲಿ.

ಮುಂದಿನ ಶನಿವಾರ ಡಬ್ಬಿ ಹಿಡಿದು ಕ್ಲಿಯರ್ ಲೇಕಿನ ಬಾಗಿಲು ತಟ್ಟಿದೆ. ಆಂಟಿಯೇ ತೆಗೆದರು. ಬದಲಾಯಿಸಿದ ಮಂಡಿ ಇನ್ನೂ ಸ್ವಲ್ಪ ಬಿಗಿಯಾಗಿತ್ತು. ಕಾಲೆಳೆದುಕೊಂಡು ನಡೆದು ಸೋಫಾದಲ್ಲಿ ಕೂತರು. ಡಬ್ಬಿಯ ಮೇಲಿನ ತಮ್ಮ ಹೆಸರನ್ನು ಬೆರಳಲ್ಲಿ ಸವರಿ, ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಸುದ್ದಿ ಅವರಿಗೆ ಗೊತ್ತಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೇರು ಬಿಟ್ಟಿದೆ ಎಂದದ್ದು ನಾನು, ಡಾಕ್ಟ್ರಲ್ಲ, ನನ್ನ ಕೆಲಸ ಉಳಿಸಲು ಅವರು ಸುಳ್ಳು ಹೇಳಿದರು, ನಾನು ಸುಮ್ಮನಿದ್ದೆ.

“ಗೊತ್ತದ” ಎಂದರು ಆಂಟಿ.

ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

“ಬೇರು ಬಿಟ್ಟದ ಅಂತ ನಮ್ಮ ಕಡೆ ಗಿಡಕ್ಕ ಅಂತಾರವಾ. ಅವರ ಬಾಯಾಗ ಬರೂ ಮಾತಲ್ಲ ಅದು. ಅವರಿದ್ರ ಕಿತ್ತದ ಅಂತಿದ್ರು. ಅವತ್ತ ಅವರು ನಿನ್ನ ಕಡೆ ನೋಡಿದ್ರಲ್ಲ, ಆಗ ನನಗ ತಿಳೀತು. ಮನಿಗೆ ಬಂದು ಇವರಿಗೂ ಹೇಳಿದೆ.”

“ಮತ್ತೆ ಡಾಕ್ಟ್ರಿಗೆ ಯಾಕೆ ಹೇಳಲಿಲ್ಲ ಆಂಟಿ?”

“ಅವರು ಮುಚ್ಚಿದ್ದನ್ನ ನಾವ್ಹ್ಯಾಂಗ ತಗೀಬೇಕು? ಮತ್ತ ನಿನ್ನ ನೌಕರಿ ಪ್ರಶ್ನೆ ಇತ್ತು. ಬರ್‍ರಿ ಅಂತ ಎರಡು ಮೂರು ಸಲ ಫೋನ್ ಮಾಡಿದ್ವಿ. ಹಾಂ ಹಾಂ, ಡಬ್ಬಿ ಕೊಡೂದದ, ಬರ್ತೀನಿ ಅಂತಿದ್ರು. ನನ್ನ ಕುಂಟೂ ಕಾಲಿನ ಮುಂದ ಕೂತು ರೊಟ್ಟಿ ತಿನ್ನಲಿಕ್ಕೆ ಅವರಿಗೆ ಆಗಿರಲಿಕ್ಕಿಲ್ಲ. ನೀ ಒಂದು ಮಾತು ಬಂದು ಹೇಳಿದ್ರ ಮರುದಿನಾನ ಬರ್ತಿದ್ರು. ನೀ ಬರ್ತೀ ಅಂತ ನಾವೂ ದಾರಿ ನೋಡಿದ್ವಿ.”

ಸಿಟ್ಟಿನಿಂದ ಹೇಳಲಿಲ್ಲ. ಎದ್ದು ಒಳಗೆ ಹೋಗಿ, ಪೀಕಾನನ್ನು ಬೋಗುಣಿಗೆ ಸುರಿದ ಸದ್ದು ಕೇಳಿಸಿತು. ತಿರುಗಿ ಬಂದಾಗ ಡಬ್ಬಿಯ ತುಂಬ ಕೋಡುಬಳೆ. ಅದನ್ನು ನನ್ನ ಕೈಗಿಟ್ಟು, ನನ್ನ ಚಪ್ಪಲಿಯ ಕಡೆ ನೋಡುತ್ತಾ ಕೇಳಿದರು.

“ಆ ನಿಮ್ಮ ಪೇರ್ಲ್ಯಾಂಡ್ ಸೆಂಟರಿನಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿಯವಾ?”

“ಇಪ್ಪತ್ತು ನಿಮಿಷ” ಎಂದೆ.